ಸೋರುವ ಗಾಳಿಗೆ ಸೋಪಿನ ನೀರು

—ಈ ಕಾರಿಗೆ ಚಿಪ್ ಹಾಕಿಸ್ತೀಯಂತೆ?

—ಚಿಪ್ ಅಲ್ಲ ಮಾವ, ರೀಮ್ಯಾಪ್. ಚಿಪ್ ಕಿತ್ತು ಬೆಸುಗೆ ಹಾಕೋ ಕಾಲ ಹೋಯ್ತು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರು, ಅದರ ಒಳಗಿನ ಲೆಕ್ಕದ ಪಟ್ಟಿಗಳನ್ನ ಬದಲಾಯಿಸ್ತಾರೆ. ಟರ್ಬೊ ಎಷ್ಟು ಬೂಸ್ಟ್, ಅಂದ್ರೆ ಒತ್ತಡ, ಕೊಡಬೇಕು, ಎಷ್ಟು ಪೆಟ್ರೋಲು, ಕಿಡಿ ಯಾವಾಗ, ಎಲ್ಲಾ ಅಲ್ಲೇ ಬರೆದಿರುತ್ತೆ. 150 ಕುದುರೆ ಇರೋದು 190ರ ಹತ್ತಿರ ಹೋಗುತ್ತೆ ಅಂತಾರೆ.

—150 ಇದೆ ಅಂತ ನಿನಗೆ ಯಾರು ಹೇಳಿದ್ದು?

—ಕಂಪನಿ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1781 ಸಿಸಿ, ಸಿಲಿಂಡರಿಗೆ ಐದೈದು ವಾಲ್ವು, ಒಟ್ಟು ಇಪ್ಪತ್ತು. ಇದೇ ಎಂಜಿನ್ನು ಯುರೋಪಿನ ಆರ್‌ಎಸ್‌ನಲ್ಲಿ 180 ಕೊಡ್ತಿತ್ತು. ನಮಗೆ 150ಕ್ಕೆ ಇಳಿಸಿ ಕೊಟ್ರು.

—ಕಂಪನಿ ಹೇಳಿದ್ದು ಹೊಸ ಗಾಡಿಗೆ, ಇಪ್ಪತ್ತು ವರ್ಷದ ಹಿಂದೆ. ನಾನು ಕೇಳ್ತಿರೋದು ಈಗ ನಿನ್ನ ಪೋರ್ಟಿಕೊದಲ್ಲಿ ನಿಂತಿರೋ ಈ ಸೆಡಾನ್ ವಿಷಯ.

—ಹಾಗೆ ನೋಡಿದ್ರೆ ಇದು ಸೆಡಾನೂ ಅಲ್ಲ. ಡಿಕ್ಕಿ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲಕ್ಕೇಳುತ್ತೆ. ಆದ್ರೆ ನಮ್ಮಲ್ಲಿ ಎಲ್ಲರೂ ಸೆಡಾನ್ ಅಂತಲೇ ಕರೆಯೋದು, ಇರಲಿ.

—ಮಾತು ತಿರುಗಿಸಬೇಡ. ಅಳೆದಿದ್ದೀಯಾ?

—ಅಳೆದಿದ್ದೀನಿ. ಶಕ್ತಿ ಅಳೆಯೋ ಡೈನೊ ಮೇಲೆ ಹತ್ತಿಸಿಲ್ಲ. ಆದ್ರೆ ಏರ್ ಫಿಲ್ಟರ್ ದಾಟಿದ ಮೇಲೆ ಗಾಳಿ ಅಳೆಯೋ ಎಂಎಎಫ್ ಸೆನ್ಸರ್ ಇದೆಯಲ್ಲ, ಅದು ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಯ್ತು ಅಂತ ಹೇಳುತ್ತೆ. ಆ ಗ್ರಾಮನ್ನ 0.8ರಿಂದ ಭಾಗಿಸಿದ್ರೆ ಸುಮಾರಾಗಿ ಕುದುರೆ ಲೆಕ್ಕ ಬರುತ್ತೆ. 150 ಕುದುರೆಗೆ 120 ಗ್ರಾಂ ಬೇಕು. ಔಟರ್ ರಿಂಗ್ ರೋಡು ಖಾಲಿ ಇರೋ ಬೆಳಗಿನ ಜಾವದಲ್ಲಿ, ಮೂರನೇ ಗೇರಿನಲ್ಲಿ ಪೂರ್ತಿ ತುಳಿದು, ಲ್ಯಾಪ್‌ಟಾಪಲ್ಲಿ ಲಾಗ್ ಮಾಡಿದೆ. 88 ಬಂತು.

—ಅಂದ್ರೆ 110. ನಲವತ್ತು ಕುದುರೆ ಕಾಣೆ. ಕಳೆದುಹೋದ ನಲವತ್ತು ಎಲ್ಲಿ ಅಂತ ನೋಡದೆ, ಇನ್ನೊಂದು ನಲವತ್ತು ಕೊಂಡುಕೊಳ್ಳೋಕೆ ಹೊರಟಿದ್ದೀಯಲ್ಲೋ!

—ಸೆನ್ಸರ್ರೇ ಸುಸ್ತಾಗಿರಬಹುದು ಅಂತ ಒಂದು ವಾದ ಇದೆ. ಹಳೇ ಎಂಎಎಫ್ ಕಡಿಮೆ ತೋರಿಸುತ್ತೆ.

—ಸರಿ, ಅದಕ್ಕೆ ಇನ್ನೊಂದು ಸಾಕ್ಷಿ ಬೇಕು. ಟರ್ಬೊ ಒತ್ತಡ ಎಷ್ಟು ಬರ್ತಿದೆ?

—ಅದನ್ನೂ ನೋಡಿದೆ. ಈ ಕಂಪನಿಯ ಕಾರುಗಳ ಡಯಾಗ್ನಸ್ಟಿಕ್‌ನಲ್ಲಿ 115ನೇ ಬ್ಲಾಕ್ ಅಂತ ಒಂದಿದೆ. ಇಸಿಯು ಕೇಳಿದ ಬೂಸ್ಟ್ ಒಂದು ಕಂಬದಲ್ಲಿ, ನಿಜವಾಗಿ ಸಿಕ್ಕಿದ್ದು ಪಕ್ಕದ ಕಂಬದಲ್ಲಿ, ಎರಡೂ ಮಿಲಿಬಾರ್‌ನಲ್ಲಿ. ಕೇಳೋದು 1600, ಸಿಗೋದು 1350. ಇನ್ನೂ ವಿಚಿತ್ರ ಅಂದ್ರೆ, ಎಂಜಿನ್ ಆಫ್ ಇದ್ದು ಬರೀ ಇಗ್ನಿಷನ್ ಆನ್ ಮಾಡಿದಾಗ ಅದು ತೋರಿಸೋದು 910. ನಾನು ಮೊದಲು ನೋಡಿದ ಗ್ಯಾರೇಜಿನವನು ಸೆನ್ಸರ್ ಹೋಗಿದೆ, 1000 ಇರಬೇಕು ಅಂದ.

—ಅವನು ಇರೋದು ಬೆಂಗಳೂರಲ್ಲಿ, ಓದಿದ್ದು ಸಮುದ್ರ ಮಟ್ಟದ ಪುಸ್ತಕ! ನಾವು ಸುಮಾರು 900 ಮೀಟರ್ ಮೇಲಿದ್ದೀವಿ. ಇಲ್ಲಿನ ವಾಯುಭಾರವೇ 910ರ ಆಸುಪಾಸು. ಇದೇ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರಲ್ಲಿ ನಿಲ್ಲಿಸು, 1010 ತೋರಿಸುತ್ತೆ. ಸೆನ್ಸರ್ ನೆಟ್ಟಗಿದೆ ಅನ್ನೋದಕ್ಕೆ ಅದೇ ಗುರುತು.

—ಕಾರ್ಬುರೇಟರ್ ಗಾಡಿಗಳು ಇಲ್ಲಿ ಸೊರಗ್ತಿದ್ದದ್ದು ಅದಕ್ಕೇನಾ?

—ಮತ್ತೆ? ಮಾಮೂಲಿ ಎಂಜಿನ್ನು ಮಂಗಳೂರಲ್ಲಿ ಕೊಟ್ಟ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲಿ ಕೊಡಲ್ಲ. ಗಾಳಿಯೇ ತೆಳ್ಳಗಿದ್ರೆ ಅದು ಎಲ್ಲಿಂದ ತರುತ್ತೆ? ಟರ್ಬೊ ಇದ್ರೆ ಆ ಕೊರತೆ ತುಂಬಿಸುತ್ತೆ. ಆದ್ರೆ ಬಿಟ್ಟಿಯಾಗಿ ಅಲ್ಲ. ಇಸಿಯು ಕೇಳೋದು 1600 ಅಂತ ಇಟ್ಕೊ. ಮಂಗಳೂರಲ್ಲಿ 1010ರಿಂದ 1600ಕ್ಕೆ ಒತ್ತಬೇಕು, ಒಂದಕ್ಕೆ 1.58. ಇಲ್ಲಿ 910ರಿಂದ, ಅಂದ್ರೆ 1.76. ಅದೇ ಕೆಲಸಕ್ಕೆ ನಿನ್ನ ಟರ್ಬೊ ಇಲ್ಲಿ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತೆ. ಯಾವನೋ ಯುರೋಪಿನ ಬಯಲು ಸೀಮೆಯಲ್ಲಿ ಕೂತು ಬರೆದ ಮ್ಯಾಪು 1900 ಕೇಳುತ್ತೆ ಅಂದ್ಕೊ. ಅವನ ಊರಲ್ಲಿ ಅದು 1.9ರ ಒಳಗೇ ಇರುತ್ತೆ, ನಿನ್ನ ಊರಲ್ಲಿ 2.1ರ ಹತ್ತಿರ. ನಿನ್ನದು ಚಿಕ್ಕ ಟರ್ಬೊ ತಾನೇ?

—ಕೆಕೆಕೆ ಕಂಪನಿಯ ಕೆ03. ಚಿಕ್ಕದೇ. ಬೇಗ ಏಳುತ್ತೆ, ಬೇಗ ಸುಸ್ತಾಗುತ್ತೆ. ಇಸಿಯು ಒಳಗೆ ಎತ್ತರ ಅಳೆಯೋ ಸೆನ್ಸರ್ ಇದೆ, ಅದು ಸ್ವಲ್ಪ ಕಾಯುತ್ತೆ.

—ಕಂಪನಿ ಬರೆದದ್ದನ್ನ ಕಾಯುತ್ತೆ. ರೀಮ್ಯಾಪ್ ಮಾಡಿದವನು ಆ ಕಾವಲನ್ನ ಹಾಗೇ ಬಿಟ್ಟಿದ್ದಾನಾ, ಸಡಿಲ ಮಾಡಿದ್ದಾನಾ, ನೀನು ಹೇಗೆ ನೋಡ್ತೀಯ? ಅದಿರಲಿ. 1600 ಕೇಳಿ 1350 ಸಿಕ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ, ಇಲ್ಲ ಟರ್ಬೊ ಸತ್ತಿದೆ. ಶಾಫ್ಟ್ ಅಲ್ಲಾಡಿಸಿ ನೋಡಿದ್ಯಾ?

—ಪೈಪ್ ಬಿಚ್ಚಿ ಬೆರಳು ಹಾಕಿದೆ. ಸ್ವಲ್ಪ ಅಲುಗಾಡುತ್ತೆ. ಅಲ್ಲಿಗೆ ಎದೆ ಝಲ್ ಅಂತು.

—ಯಾವ ಕಡೆಗೆ ಅಲ್ಲಾಡ್ತು, ಅದು ಮುಖ್ಯ. ನಾನು ಬಸ್ಸು ಲಾರಿಗಳ ಟರ್ಬೊ ಎಷ್ಟೋ ಬಿಚ್ಚಿದ್ದೀನಿ. ತಣ್ಣಗಿರುವಾಗ ನಟ್ಟು ಹಿಡಿದು ಮೇಲೆ ಕೆಳಗೆ ಆಡಿಸಿದ್ರೆ ಕೂದಲೆಳೆಯಷ್ಟು ಆಟ ಇರಲೇಬೇಕು. ಅದರ ಬೇರಿಂಗು ಎಣ್ಣೆ ಮೇಲೆ ತೇಲುತ್ತೆ. ಎಣ್ಣೆ ಬಂದು ತುಂಬೋಕೆ ಜಾಗ ಬೇಡವಾ? ಆದ್ರೆ ಹಿಂದೆ ಮುಂದೆ, ನಿನ್ನ ಕಡೆಗೆ ಎಳೆದು ಒಳಗೆ ತಳ್ಳಿದಾಗ ಕೈಗೆ ಏನೂ ಗೊತ್ತಾಗಬಾರದು. ಗೊತ್ತಾದ್ರೆ ಥ್ರಸ್ಟ್ ಬೇರಿಂಗ್ ಹೋಗಿದೆ ಅಂತ. ರೆಕ್ಕೆ ತುದಿ ಗೋಡೆಗೆ ಉಜ್ಜಿದ ಹೊಳಪು ಇದ್ರಂತೂ ಮಾತೇ ಬೇಡ.

—ಹಿಂದೆ ಮುಂದೆ ಏನೂ ಇಲ್ಲ. ಹೊಳಪೂ ಇಲ್ಲ.

—ಹಾಗಾದ್ರೆ ಟರ್ಬೊ ಬದುಕಿದೆ. ಸೋರಿಕೆ ಹುಡುಕು. ಕಿವಿಗೆ ಕೇಳಿಸಲ್ವಾ?

—ಐಡ್ಲಿಂಗ್‌ನಲ್ಲಿ ಕೇಳಿಸಲ್ಲ. ಬೂಸ್ಟ್ ಇರೋವಾಗ ನಾನು ಬಾನೆಟ್ ಒಳಗೆ ಇರೋಕಾಗಲ್ಲ. ಇಸಿಯು ಮಾತ್ರ 17705 ಅಂತ ಒಂದು ಕೋಡ್ ಇಟ್ಟಿದೆ. ಟರ್ಬೊ ಮತ್ತು ಥ್ರಾಟಲ್ ನಡುವೆ ಒತ್ತಡ ಬೀಳ್ತಿದೆ ಅಂತ ಅದರ ಅರ್ಥ. ಮುಂಚೆ ಈ ಗಾಡಿ ಇಟ್ಕೊಂಡಿದ್ದವನು ಇದೇ ಕೋಡಿಗೆ ಎಂಎಎಫ್ ಬದಲಾಯಿಸಿದ್ದಾನೆ, ಇಗ್ನಿಷನ್ ಕಾಯಿಲ್ ನಾಲ್ಕೂ ಬದಲಾಯಿಸಿದ್ದಾನೆ, ಎನ್75 ಅಂತ ಬೂಸ್ಟ್ ನಿಯಂತ್ರಿಸೋ ವಾಲ್ವೂ ಬದಲಾಯಿಸಿದ್ದಾನೆ. ಬಿಲ್ಲುಗಳೆಲ್ಲ ಗ್ಲವ್ ಬಾಕ್ಸಲ್ಲಿ ಇದ್ವು. ಯಾರೂ ಪೈಪ್ ಮುಟ್ಟಿಲ್ಲ.

—ಪೈಪಿಗೆ ಏನು ಬಿಲ್ ಹಾಕ್ತಾರೆ ಹೇಳು? ನೀನು ಹೇಗೆ ಹುಡುಕಿದೆ?

—ಹಾರ್ಡ್‌ವೇರ್ ಅಂಗಡಿಯಲ್ಲಿ ಪಿವಿಸಿ ಪೈಪಿನ ಮುಚ್ಚಳ ಒಂದು ತಂದೆ, ಟರ್ಬೊ ಒಳಪೈಪಿನ ಬಾಯಿಗೆ ಸರಿಯಾಗಿ ಕೂರೋದು. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಎಳೆದು ಕೂರಿಸಿದೆ. ಎಂಎಎಫ್ ಕಳಚಿ ಆ ಜಾಗಕ್ಕೆ ಇದನ್ನ ಸಿಕ್ಕಿಸಿ, ಕ್ಲಿಪ್ ಬಿಗಿದು, ಕಾಲಲ್ಲಿ ತುಳಿಯೋ ಪಂಪ್ ಹಾಕಿದೆ. ಗಾಡಿ ತನ್ನ ಉಸಿರಿನ ದಾರಿಯನ್ನ ಪೂರ್ತಿ ಒಳಗಿನಿಂದ ಉಬ್ಬಿಸಿಕೊಳ್ಳುತ್ತೆ, ಎಂಜಿನ್ ಆಫ್ ಇರುವಾಗಲೇ.

—ಎಷ್ಟು ಒತ್ತಡ ಕೊಟ್ಟೆ? ಎಣ್ಣೆ ಸೀಲುಗಳು ಹಾರಿಹೋಗ್ತವೆ.

—ಅರ್ಧ ಬಾರ್ ಸಾಕು. ಅದರ ಮೇಲೆ ಹೋಗಲಿಲ್ಲ. ಮೊದಲು ಬುಸ್ ಅಂತ ಬಂದಿದ್ದು ಆಯಿಲ್ ಡಿಪ್‌ಸ್ಟಿಕ್ ಹತ್ತಿರ. ಕ್ರ್ಯಾಂಕ್‌ಕೇಸಿನ ಹೊಗೆಯನ್ನ ವಾಪಸ್ ಒಳಗೆ ಎಳೆಯೋ ಪೈಪು ಟರ್ಬೊ ಬಾಯಿಗೇ ಬಂದು ಸೇರುತ್ತಲ್ಲ, ನಾನು ಊದಿದ ಗಾಳಿ ಆ ದಾರಿ ಹಿಡಿದು ಎಂಜಿನ್ ಹೊಟ್ಟೆಗೆ ಹೋಗ್ತಿತ್ತು. ಅದನ್ನ ಮುಚ್ಚಿ ಮತ್ತೆ ತುಳಿದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಒಂದೊಂದೇ ಕೀಲಿಗೆ ಸಿಂಪಡಿಸ್ತಾ ಹೋದೆ. ಮೇಲುಗಡೆ ಎಲ್ಲಾ ಒಣ. ಬಲಗಡೆ ಮಡ್‌ಗಾರ್ಡ್ ಒಳಗೆ ಇಂಟರ್‌ಕೂಲರ್ ಇದೆ, ಅದಕ್ಕೆ ಹೋಗೋ ರಬ್ಬರ್ ಪೈಪಿನ ಕೆಳಮಡಿಕೆ ಹತ್ತಿರ, ಕೈ ಹೋಗದ ಜಾಗದಲ್ಲಿ, ಮೊಬೈಲ್ ಕ್ಯಾಮೆರಾ ಇಳಿಸಿ ನೋಡಿದೆ. ಬಿಳೀ ನೊರೆ ಉಬ್ಬುಬ್ಬಿ ಬರ್ತಿತ್ತು. ಬೆರಳಿಂದ ಮಡಿಕೆ ಅಗಲಿಸಿದ್ರೆ ಸೀಳು ಬಾಯಿ ಬಿಡುತ್ತೆ, ಬಿಟ್ರೆ ಮುಚ್ಚಿಕೊಳ್ಳುತ್ತೆ. ಬರೀ ಕಣ್ಣಿಗೆ ಏನೂ ಕಾಣಲ್ಲ.

—ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯೋ ಸೀಳು! ಐಡ್ಲಿಂಗ್‌ನಲ್ಲಿ ಎಷ್ಟು ಕಿವಿ ಕೊಟ್ರೂ ಸಿಗಲ್ಲ. ಅದೊಂದೇನಾ?

—ಇನ್ನೊಂದಿತ್ತು. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಆ ಹೊಗೆ ಪೈಪುಗಳ ಒಂದು ಜಾಲ ಇದೆ. ಇಪ್ಪತ್ತು ವರ್ಷ ಎಣ್ಣೆ ಕುಡಿದು ರಬ್ಬರು ಹಲ್ವದ ಹಾಗೆ ಆಗಿತ್ತು. ಮುಟ್ಟಿದ್ರೆ ಕೈಗೆ ಬಂತು. ಅದರದ್ದು ಬೇರೆ ರೀತಿಯ ತೊಂದರೆ.

—ಬೇರೆ ರೀತಿ ಅಂದ್ರೆ?

—ಸೋರಿಕೆ ಎಲ್ಲಿದೆ ಅನ್ನೋದರ ಮೇಲೆ ರೋಗ ಬದಲಾಗುತ್ತೆ ಮಾವ. ಟರ್ಬೊ ದಾಟಿದ ಮೇಲೆ ಸೋರಿದ್ರೆ, ಎಂಎಎಫ್ ಎಣಿಸಿದ ಗಾಳಿ ದಾರಿಯಲ್ಲೇ ಹೊರಗೆ ಹೋಗುತ್ತೆ. ಇಸಿಯು ಆ ಗಾಳಿ ಇದೆ ಅಂದ್ಕೊಂಡು ಪೆಟ್ರೋಲ್ ಹಾಕುತ್ತೆ. ತುಳಿದಾಗ ಪೆಟ್ರೋಲು ಜಾಸ್ತಿ, ಕರೀ ಹೊಗೆ. ಥ್ರಾಟಲ್ ದಾಟಿದ ಮೇಲೆ ಸೋರಿದ್ರೆ ಐಡ್ಲಿಂಗ್‌ನಲ್ಲಿ ಒಳಗೆ ನಿರ್ವಾತ ಇರುತ್ತಲ್ಲ, ಲೆಕ್ಕಕ್ಕೆ ಬರದ ಗಾಳಿಯನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಆಗ ಪೆಟ್ರೋಲು ಕಡಿಮೆ ಬೀಳುತ್ತೆ, ಗಾಡಿ ನಡುಗುತ್ತೆ. ನನ್ನದರಲ್ಲಿ ಎರಡೂ ಇದ್ವು. ನಿಂತಾಗ ನಡುಕ, ತುಳಿದಾಗ ಹೊಗೆ. ಲೈವ್ ಡೇಟಾದಲ್ಲಿ ಪೆಟ್ರೋಲ್ ತಿದ್ದುಪಡಿಯ ಅಂಕಿ ಐಡ್ಲಿಂಗ್‌ನಲ್ಲಿ ಪ್ಲಸ್ಸು, ಓಡುವಾಗ ಮೈನಸ್ಸು. ಅದನ್ನ ನೋಡಿದ ತಕ್ಷಣ ಒಂದಲ್ಲ, ಎರಡು ತೂತು ಅಂತ ಅನ್ನಿಸಿತು.

—ಇದು ಚೆನ್ನಾಗಿದೆ. ನಮ್ಮ ಕಾಲದಲ್ಲಿ ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳ್ತಿದ್ವಿ. ಕಪ್ಪಾಗಿದ್ರೆ ಒಂದು, ಬೆಳ್ಳಗಿದ್ರೆ ಇನ್ನೊಂದು. ಎರಡೂ ಒಟ್ಟಿಗೆ ಇದ್ರೆ ಬಣ್ಣ ನೋಡಿ ಹೇಳೋಕಾಗ್ತಿರಲಿಲ್ಲ. ಕಾಲು ತೆಗೆದಾಗ ಬೂಸ್ಟ್ ತಿರುಗಿಸಿ ಬಿಡೋ ಡೈವರ್ಟರ್ ವಾಲ್ವ್ ನೋಡಿದ್ಯಾ? ಈ ಗಾಡಿಗಳಲ್ಲಿ ಅದರ ಪೊರೆ ಹರಿಯುತ್ತೆ ಅಂತ ಕೇಳಿದ್ದೀನಿ.

—ಅದಕ್ಕೆ ಉಪಕರಣವೇ ಬೇಡ. ಕೈಯಲ್ಲಿ ಹಿಡಿದು ಒಳಗಿನ ಪಿಸ್ಟನ್ ಬೆರಳಿಂದ ಒತ್ತಬೇಕು, ಒತ್ತಿದ ಹಾಗೇ ಮೇಲಿನ ನಳಿಕೆಯನ್ನ ಹೆಬ್ಬೆರಳಿಂದ ಮುಚ್ಚಬೇಕು. ಆಮೇಲೆ ಪಿಸ್ಟನ್ ಬಿಟ್ರೆ ಅದು ಅಲ್ಲೇ ನಿಲ್ಲಬೇಕು. ನಿಧಾನಕ್ಕೆ ಹಿಂದೆ ಬಂದ್ರೆ ಪೊರೆ ಹರಿದಿದೆ ಅಂತ. ನನ್ನದು ಗಟ್ಟಿ ನಿಂತಿತು.

—ಸರಿ, ಪೈಪುಗಳಿಗೆ ಜೆ.ಸಿ. ರೋಡಿಗೆ ಹೋದ್ಯಾ?

—ಹೋದೆ, ಶಿವಾಜಿನಗರದ ಗುಜರಿಗೂ ಹೋದೆ. ಗುಜರಿಯಲ್ಲಿ ಸಿಗೋ ರಬ್ಬರಿಗೂ ಇಪ್ಪತ್ತೇ ವರ್ಷ, ಅದನ್ನ ತಂದು ಏನು ಮಾಡೋದು? ಬಂಪರ್, ಬಾಗಿಲ ಹಿಡಿ, ಸೀಟಿನ ಸ್ವಿಚ್ಚು, ಅಂಥವಕ್ಕೆ ಗುಜರಿ ಸರಿ. ಇಂಟರ್‌ಕೂಲರಿಗೆ ಸಿಲಿಕೋನ್ ಪೈಪ್ ಹಾಕಿದೆ.

—ನೀಲಿ ಬಣ್ಣದ್ದು, ಮೇಲೆ ಬಿಳಿ ಅಕ್ಷರ ಬರೆದಿರೋದು?

—ಕರೀದೇ ಮಾವ. ಆದ್ರೆ ಹೊಗೆ ಪೈಪಿಗೆ ಸಿಲಿಕೋನ್ ಹಾಕಲಿಲ್ಲ. ಮಾಮೂಲಿ ಸಿಲಿಕೋನ್ ಎಣ್ಣೆ ತಡೆಯಲ್ಲ, ಮೈಯಿಂದ ಬೆವರಿನ ಹಾಗೆ ಎಣ್ಣೆ ಹೊರಗೆ ಬರುತ್ತೆ. ಒಳಪದರ ಬೇರೆ ಇರೋದೇ ಬೇಕು, ಇಲ್ಲ ಕಂಪನಿ ರಬ್ಬರೇ ಬೇಕು. ಮಾಡಿಫಿಕೇಷನ್ ಅಂತ ಎಲ್ಲಾ ಪೈಪೂ ಸಿಲಿಕೋನ್ ಮಾಡಿಸಿಕೊಂಡವರ ಎಂಜಿನ್ ಬೇ ನೋಡಿದ್ದೀನಿ. ಮೊದಲ ದಿನ ಫೋಟೋಗೆ ಚೆಂದ, ಆರು ತಿಂಗಳಿಗೆ ಜಿಡ್ಡು.

—ನೀನು ಮಾಡಿದ್ದು ರಿಪೇರಿನಾ, ಮಾಡಿಫಿಕೇಷನ್ನಾ?

—ಸೀಳಿದ ಪೈಪಿನ ಜಾಗಕ್ಕೆ ಇನ್ನೂ ಗಟ್ಟಿ ಪೈಪ್ ಹಾಕಿದ್ರೆ ಎರಡರ ನಡುವೆ ಗೆರೆ ಎಲ್ಲಿ ಎಳೀತೀರಿ? ಪ್ಲಗ್ ವಿಷಯ ನೋಡಿ. ಬೂಸ್ಟ್ ಜಾಸ್ತಿಯಾದ ಹಾಗೆ ಒಳಗಿನ ಒತ್ತಡ ಕಿಡಿಯನ್ನ ಊದಿ ಆರಿಸುತ್ತೆ. ಅದಕ್ಕೇ ಅಂತರ 0.7 ಮಿಲಿಮೀಟರಿಗೆ ಇಟ್ಟೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, 30 ನ್ಯೂಟನ್ ಮೀಟರಿಗೆ ಬಿಗಿದೆ. ಹೆಡ್ಡು ಅಲ್ಯೂಮಿನಿಯಂ, ಮರೆ ಹಾಳಾದ್ರೆ ಮುಗೀತು.

—ಮುಗೀತು. ಈಗ ಎಷ್ಟು ಬರ್ತಿದೆ?

—116 ಗ್ರಾಂ. ಬೂಸ್ಟು 1600 ಕೇಳಿದ್ರೆ 1590.

—ಮತ್ತೆ? ನಲವತ್ತರಲ್ಲಿ ಮೂವತ್ತೈದು ರಬ್ಬರಲ್ಲೇ ಸಿಕ್ತು. ಈಗ ಸುಮ್ಮನೆ ಓಡಿಸು.

—ಸುಮ್ಮನೆ ಓಡಿಸೋಕೆ ಬೇರೆ ಗಾಡಿ ಇದೆಯಲ್ಲ. ಇದನ್ನ ಇಟ್ಕೊಂಡಿರೋದೇ ಇದರ ಒಳಗೆ ಏನು ನಡೀತಿದೆ ಅಂತ ತಿಳ್ಕೊಳ್ಳೋಕೆ. ತಿಳ್ಕೊಳ್ಳದಿದ್ರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಕಥೆ ಇದೆ. ಟರ್ಬೊ ಕಾರು ಮೊದಲು ಅಂಗಡಿಗೆ ಬಂದಿದ್ದು 1962ರಲ್ಲಿ, ಅಮೆರಿಕದಲ್ಲಿ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಅಂತ ಒಂದು. ಸಿಲಿಂಡರ್ ಒಳಗೆ ಬಡಿತ, ಅಂದ್ರೆ ನಾಕಿಂಗ್, ಬರಬಾರದು ಅಂತ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನ ಬೇರೆ ಟ್ಯಾಂಕಿನಿಂದ ಸಿಂಪಡಿಸ್ತಿತ್ತು. ಮಾಲೀಕರು ಅದನ್ನ ತುಂಬಿಸೋಕೆ ಮರೆತರು. ಕೊನೆಗೆ ಕಂಪನಿಯೇ ಎಷ್ಟೋ ಗಾಡಿಗಳ ಟರ್ಬೊ ಕಳಚಿ ಮಾಮೂಲಿ ಕಾರ್ಬುರೇಟರ್ ಹಾಕಿಕೊಟ್ಟಿತು. ಆಮೇಲೆ ಎಪ್ಪತ್ತರ ದಶಕದ ಕೊನೆಗೆ ಸ್ವೀಡನ್ನಿನ ಸಾಬ್ 99 ಟರ್ಬೊ ಬಂತು, ದಿನಾ ಓಡಿಸೋ ಕಾರಿಗೂ ಟರ್ಬೊ ಒಗ್ಗುತ್ತೆ ಅಂತ ಜನ ನಂಬೋಕೆ ಶುರು ಮಾಡಿದ್ದು ಆಗ. ಬಡಿತ ಕೇಳಿಸಿಕೊಂಡು ಬೂಸ್ಟ್ ತಾನೇ ಇಳಿಸೋ ಜಾಣ್ಮೆಯನ್ನೂ ಅವರೇ ಮುಂದೆ ತಂದ್ರು.

—ಅದೇ ಬಡಿತದ ಮಾತೇ ನಾನು ಹೇಳಬೇಕು ಅಂತಿದ್ದದ್ದು. 30 ಡಿಗ್ರಿ ಗಾಳಿಯನ್ನ ನಿನ್ನ ಟರ್ಬೊ ಒತ್ತಿದ್ರೆ ಹೊರಗೆ ಬರುವಾಗ 100ರ ಆಸುಪಾಸು. ಅದನ್ನ ತಣಿಸೋಕೆ ಇರೋದು ಮಡ್‌ಗಾರ್ಡ್ ಒಳಗಿನ ಆ ಚೋಟುದ್ದ ಇಂಟರ್‌ಕೂಲರ್. ಸಿಲ್ಕ್ ಬೋರ್ಡಿನಲ್ಲಿ ಅರ್ಧ ಗಂಟೆ ನಿಂತರೆ ಅದಕ್ಕೆ ಗಾಳಿಯೇ ಇಲ್ಲ. ಆಮೇಲೆ ಸಿಗ್ನಲ್ ಬಿಟ್ಟ ತಕ್ಷಣ ನೀನು ತುಳೀತೀಯ. ಕಾದ ಗಾಳಿ, ಮಾಮೂಲಿ ಪೆಟ್ರೋಲು, ಮೇಲೆ ರೀಮ್ಯಾಪು. ಪಿಸ್ಟನ್ ತಲೆ ಉಳಿಯುತ್ತಾ?

—ಅದಕ್ಕೂ ಒಂದು ಬ್ಲಾಕ್ ಇದೆ, 020. ಯಾವ ಸಿಲಿಂಡರಿನಲ್ಲಿ ಬಡಿತ ಕೇಳಿ ಕಿಡಿಯನ್ನ ಎಷ್ಟು ಡಿಗ್ರಿ ಹಿಂದಕ್ಕೆ ತಳ್ಳಿದೆ ಅಂತ ನಾಲ್ಕು ಅಂಕಿ ತೋರಿಸುತ್ತೆ. ಈಗ ಕಂಪನಿ ಮ್ಯಾಪಿನಲ್ಲೇ ಮಾಮೂಲಿ ಪೆಟ್ರೋಲಿಗೆ ನಾಲ್ಕೈದು ಡಿಗ್ರಿ ಹಿಂದೆ ಹೋಗುತ್ತೆ, ದುಬಾರಿ ಪೆಟ್ರೋಲಿಗೆ ಹೆಚ್ಚುಕಮ್ಮಿ ಸೊನ್ನೆ. ರೀಮ್ಯಾಪ್ ಮಾಡಿದ ಮೇಲೆ ಅದೇ ರಸ್ತೆ, ಅದೇ ಗೇರು, ಮತ್ತೆ ಲಾಗ್ ಮಾಡ್ತೀನಿ. ಅಂಕಿ ಏರಿದ್ರೆ ಹಳೇ ಫೈಲು ವಾಪಸ್. ಅಳೆಯೋಕೆ ಬರದ ಬದಲಾವಣೆ ನನಗೂ ಬೇಡ.

—ಎಥನಾಲ್ ಬೆರೆಸಿದ ಪೆಟ್ರೋಲಿಗೆ ಆಕ್ಟೇನ್ ಜಾಸ್ತಿ ಅಂತ ಖುಷಿಪಡಬೇಡ. ನಿನ್ನ ಗಾಡಿಯ ಇಂಧನ ಪೈಪುಗಳು ಆ ಕಾಲದ ರಬ್ಬರು. ಅವನ್ನೂ ನೋಡು. ಗಾಳಿ ಸೋರಿದ್ರೆ ಶಕ್ತಿ ಹೋಗುತ್ತೆ, ಪೆಟ್ರೋಲ್ ಸೋರಿದ್ರೆ ಗಾಡಿಯೇ ಹೋಗುತ್ತೆ.

—ಅದು ಪಟ್ಟಿಯಲ್ಲಿದೆ.

—ಕಾನೂನು ಪಟ್ಟಿಯಲ್ಲಿದೆಯಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು. ಆರ್‌ಸಿಯಲ್ಲಿ ಬರೆದಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹಾಗೇ ಹೇಳಿತು. ನಾಳೆ ಎಲ್ಲಾದರೂ ಡಿಕ್ಕಿ ಆದ್ರೆ ವಿಮೆಯವನು ಮೊದಲು ಕೇಳೋದೇ ಅದು.

—ಆರ್‌ಸಿಯಲ್ಲಿ ಅಶ್ವಶಕ್ತಿ, ಸಿಸಿ...

—ವಕೀಲಿ ಮಾತು ಬೇಡ. ವಿಮೆಯವನಿಗೆ ಬರೆದು ತಿಳಿಸ್ತೀಯಾ, ಇಲ್ವಾ?

—ತಿಳಿಸಿದ್ರೆ ಬೇಡ ಅಂತಾನೆ.

—ಹಾಗಾದ್ರೆ ನಿನಗೆ ಉತ್ತರ ಗೊತ್ತಿದೆ. ನಾನು ಒಪ್ಪಲ್ಲ, ನೀನು ಕೇಳಲ್ಲ. ಅದನ್ನ ಅಲ್ಲಿಗೆ ಬಿಡೋಣ. ಒಂದು ಕೇಳ್ತೀನಿ, ಗ್ಲವ್ ಬಾಕ್ಸಿನ ಬಿಲ್ಲುಗಳಲ್ಲಿ ಟೈಮಿಂಗ್ ಬೆಲ್ಟಿನ ಬಿಲ್ ಇತ್ತಾ?

—ಇಲ್ಲ.

—ಕಾಯಿಲ್ ನಾಲ್ಕು ಬದಲಾಯಿಸಿದ್ದಾನೆ, ಬೆಲ್ಟ್ ಬದಲಾಯಿಸಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ! ಇದು ಬೆಲ್ಟ್ ತುಂಡಾದ್ರೆ ಪಿಸ್ಟನ್ನೂ ವಾಲ್ವೂ ಹೊಡೆದಾಡೋ ಎಂಜಿನ್ ತಾನೇ?

—ಹೌದು. ಇಪ್ಪತ್ತೂ ಬಗ್ಗುತ್ತೆ.

—ರೀಮ್ಯಾಪಿಗೆ ಅಂತ ಎತ್ತಿಟ್ಟಿರೋ ದುಡ್ಡು ಅದಕ್ಕೆ ಹಾಕು. ಬೆಲ್ಟು, ಹೈಡ್ರಾಲಿಕ್ ಟೆನ್ಷನರ್, ರೋಲರ್, ವಾಟರ್ ಪಂಪು, ಎಲ್ಲಾ ಒಟ್ಟಿಗೆ. ಪಂಪನ್ನೂ ಅದೇ ಬೆಲ್ಟ್ ತಿರುಗಿಸೋದು. ಪಂಪ್ ಜಾಮ್ ಆದ್ರೂ ಬೆಲ್ಟ್ ಹೋಗುತ್ತೆ.

—ಮನೆಯಲ್ಲೇ ಮಾಡಬಹುದು ಅನ್ನಿಸುತ್ತೆ. ಬೆಲ್ಟು ಎಕ್ಸಾಸ್ಟ್ ಕ್ಯಾಮನ್ನ ತಿರುಗಿಸುತ್ತೆ, ಹಿಂಭಾಗದಲ್ಲಿ ಒಂದು ಚೈನು ಇನ್‌ಟೇಕ್ ಕ್ಯಾಮಿಗೆ ಹೋಗುತ್ತೆ. ಚೈನ್ ಮುಟ್ಟೋದು ಬೇಡ. ಗುರುತುಗಳನ್ನ ಬಿಳೀ ಪೇಂಟಲ್ಲಿ ಬರೆದುಕೊಂಡು ಬಿಚ್ಚಿದ್ರೆ ಆಯ್ತು. ಒಂದೇ ಕಷ್ಟ, ಎಂಜಿನ್ನಿನ ಆ ಬದಿಯ ಮೌಂಟಿಂಗ್ ಕಳಚದೆ ಬೆಲ್ಟ್ ಹೊರಗೆ ಬರಲ್ಲ.

—ಎಂಜಿನ್ ಕೆಳಗಿಂದ ಆನಿಸಬೇಕು. ಜಾಕನ್ನ ನೇರ ಸಂಪಿಗೆ ಇಟ್ಟೀಯ, ತೂತು ಬೀಳುತ್ತೆ. ನಡುವೆ ಅಗಲವಾದ ಮರದ ಹಲಗೆ ಇಡು. ಗಾಡಿ ಭಾರ ಮಾತ್ರ ಜಾಕಿನ ಮೇಲೆ ಇರಬಾರದು, ಎರಡು ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಸ್ಟ್ಯಾಂಡ್ ಇಲ್ಲದೆ ನೀನು ಕೆಳಗೆ ತಲೆ ಹಾಕಿದ್ದು ಕಂಡ್ರೆ ನಾನೇ ಪೋರ್ಟಿಕೊ ಗೇಟಿಗೆ ಬೀಗ ಹಾಕ್ತೀನಿ. ಬೆಲ್ಟ್ ಹಾಕಿದ ಮೇಲೆ ಕೀ ತಿರುಗಿಸೋ ಮೊದಲು, ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನ ಕೈಯಿಂದಲೇ ಎರಡು ಸುತ್ತು ತಿರುಗಿಸು. ಎಲ್ಲಾದರೂ ತಡೆದ್ರೆ ಅಲ್ಲೇ ನಿಲ್ಲಿಸು, ಬಲ ಹಾಕಬೇಡ. ಗುರುತು ಮತ್ತೆ ಸೇರಿದ್ರೆ ಮಾತ್ರ ಮುಂದೆ.

—ಭಾನುವಾರ ಬರ್ತೀರಾ?

—ಬರ್ತೀನಿ. ಪಂಪು ನೀನೊಬ್ಬನೇ ಹೋಗಿ ತರಬೇಡ. ಈ ಎಂಜಿನ್ನಿಗೆ ಪ್ಲಾಸ್ಟಿಕ್ ರೆಕ್ಕೆಯ ಪಂಪೂ ಬರುತ್ತೆ. ಬಿಸಿಗೆ ರೆಕ್ಕೆ ಸೀಳಿ ಶಾಫ್ಟಿನ ಮೇಲೆ ಸುಮ್ಮನೆ ಜಾರ್ತಾ ಇರುತ್ತೆ, ಹೊರಗಿಂದ ನೋಡಿದ್ರೆ ತಿರುಗ್ತಿದೆ ಅನ್ನಿಸುತ್ತೆ, ನೀರು ಮಾತ್ರ ಓಡಲ್ಲ. ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ರೆಕ್ಕೆ ಲೋಹದ್ದೇ ಅಂತ ಉಗುರಲ್ಲಿ ತಟ್ಟಿ ನೋಡಿ ಆಮೇಲೆ ದುಡ್ಡು ಕೊಡೋಣ.